ಹಕ್ಕು ಸರಿ, ಯಾರ ವಿರುದ್ಧ?

ಇದು ಸ್ವಲ್ಪ ಉದ್ದದ ಪೋಸ್ಟು, ಪುರುಸೊತ್ತು ಮಾಡ್ಕೊಂಡು ಓದಿ.

ನವೆಂಬರ್ 26 ಹತ್ತಿರ ಬಂದರೆ ಸಾಕು, "ಮೂಲಭೂತ ಹಕ್ಕುಗಳನ್ನು ಅಮೆರಿಕದಿಂದ ತಗೊಂಡಿದ್ದು" ಅನ್ನೋ ಸಾಲು ವಾಟ್ಸಾಪಿನಲ್ಲಿ ಓಡಾಡೋಕೆ ಶುರುವಾಗುತ್ತೆ. ಬಾಬಾಸಾಹೇಬರನ್ನು ಕಂಡರೆ ಆಗದವರು ಅದನ್ನೇ 'ಕಾಪಿ' ಅಂತಾರೆ, ನಮ್ಮ ಹುಡುಗರು ಜಗಳಕ್ಕೆ ಹೋಗ್ತಾರೆ. ಯಾವ ಅಮೆರಿಕದಿಂದ ತಗೊಂಡಿದ್ದು ಅಂತ ಮಾತ್ರ ಎರಡೂ ಕಡೆಯವರು ಕೇಳೋದಿಲ್ಲ. ಗುಲಾಮರನ್ನು ಸಾಕಿಕೊಂಡಿದ್ದ ಧಣಿಗಳು ಬರೆದ ಅಮೆರಿಕದಿಂದಲೋ, ಆ ಗುಲಾಮರ ಮಕ್ಕಳು ಮೊಮ್ಮಕ್ಕಳು ಕಟಕಟೆ ಹತ್ತಿ ತಿದ್ದಿಸಿದ ಅಮೆರಿಕದಿಂದಲೋ?

ನಮ್ಮಂಥವರಿಗೆ ಹಕ್ಕು ಅಂದ ಕೂಡಲೇ ಏಳಬೇಕಾದ ಪ್ರಶ್ನೆ ಒಂದಿದೆ: ಯಾರ ವಿರುದ್ಧ? ಬಾವಿ ಹತ್ತಿರ ಬಿಟ್ಟುಕೊಳ್ಳದವನು ಡಿಸಿ ಅಲ್ಲ, ಊರಿನ ಗೌಡ. ಲೋಟ ಬೇರೆ ಇಟ್ಟವನು ತಹಶೀಲ್ದಾರ್ ಅಲ್ಲ, ಹೋಟೆಲಿನವನು. ಸರ್ಕಾರದ ಕೈ ಕಟ್ಟಿಹಾಕಿ ಊರಿನ ಕೈ ಬಿಟ್ಟುಬಿಟ್ಟರೆ ಕೇರಿಯವನಿಗೆ ಆ ಹಕ್ಕಿನಿಂದ ಏನು ಸಿಕ್ಕಿತು? ಅಮೆರಿಕದ ಸಂವಿಧಾನದ ಚರಿತ್ರೆಯನ್ನು ಈ ಪ್ರಶ್ನೆ ಇಟ್ಟುಕೊಂಡು ಓದಿದರೆ ಬೇರೆಯದೇ ಕಥೆ ಕಾಣುತ್ತೆ.

1787ರಲ್ಲಿ ಫಿಲಡೆಲ್ಫಿಯಾದಲ್ಲಿ ಬರೆದ ಮೂಲ ಸಂವಿಧಾನದಲ್ಲಿ ವ್ಯಕ್ತಿಯ ಹಕ್ಕುಗಳ ಪಟ್ಟಿ ಇರಲಿಲ್ಲ. 'ಗುಲಾಮ' ಅನ್ನೋ ಪದವೂ ಇರಲಿಲ್ಲ, ಗುಲಾಮಗಿರಿ ಮಾತ್ರ ಭದ್ರವಾಗಿತ್ತು. ಪ್ರತಿನಿಧಿಗಳ ಸಂಖ್ಯೆ ಲೆಕ್ಕ ಹಾಕುವಾಗ 5 ಗುಲಾಮರು ಅಂದರೆ 3 ಜನ. ಓಡಿಹೋದವರನ್ನು ಹಿಡಿದು ಧಣಿಗೆ ಒಪ್ಪಿಸಬೇಕು. ಆಫ್ರಿಕಾದಿಂದ ಹಡಗು ತುಂಬಿ ಜನರನ್ನು ತರೋದನ್ನು 1808ರವರೆಗೆ ಅಲ್ಲಿನ ಪಾರ್ಲಿಮೆಂಟು, ಅಂದರೆ ಕಾಂಗ್ರೆಸ್, ನಿಷೇಧಿಸೋ ಹಾಗಿಲ್ಲ. ಹಕ್ಕುಗಳ ಪಟ್ಟಿ ಇಲ್ಲ ಅಂತ ಗಲಾಟೆ ಎದ್ದ ಮೇಲೆ 1791ರಲ್ಲಿ 10 ತಿದ್ದುಪಡಿಗಳು ಬಂದವು. ಮಾತು, ಪತ್ರಿಕೆ, ಧರ್ಮದ ಸ್ವಾತಂತ್ರ್ಯ. ಮನಬಂದಂತೆ ಮನೆ ಶೋಧಿಸಬಾರದು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತ ಮಾಡಬಾರದು. ಇದನ್ನೇ 'ಬಿಲ್ ಆಫ್ ರೈಟ್ಸ್' ಅಂತ ಇಡೀ ಜಗತ್ತು ಹೊಗಳಿದ್ದು. ಕರಡು ಬರೆದ ಜೇಮ್ಸ್ ಮ್ಯಾಡಿಸನ್ ಸ್ವತಃ ಗುಲಾಮರ ಒಡೆಯ.

ಆದರೆ ಮೊದಲ ತಿದ್ದುಪಡಿ ಶುರುವಾಗೋದೇ ಕಾಂಗ್ರೆಸ್ ಇಂಥ ಕಾನೂನು ಮಾಡಬಾರದು ಅಂತ. ರಾಜ್ಯಗಳ ಬಗ್ಗೆ ಸೊಲ್ಲಿಲ್ಲ. ರಾಜ್ಯಗಳನ್ನೂ ಕಟ್ಟಿಹಾಕೋ ಒಂದು ತಿದ್ದುಪಡಿಯನ್ನು ಮ್ಯಾಡಿಸನ್ ತಂದಿದ್ದರು, ಕೆಳಮನೆ ಒಪ್ಪಿತು, ಸೆನೆಟ್ ಕೈಬಿಟ್ಟಿತು. ಅದರ ಫಲ 1833ರಲ್ಲಿ ಗೊತ್ತಾಯ್ತು. ಬಾಲ್ಟಿಮೋರ್ ಬಂದರಿನಲ್ಲಿ ಬ್ಯಾರನ್ ಅನ್ನೋನಿಗೆ ಒಂದು ದಕ್ಕೆ ಇತ್ತು. ನಗರದವರು ರಸ್ತೆ ಕೆಲಸ ಮಾಡಿ ತೊರೆಗಳ ದಿಕ್ಕು ತಿರುಗಿಸಿದ್ದರಿಂದ ಮರಳು ತುಂಬಿ ಹಡಗು ಬರದ ಹಾಗಾಯ್ತು. ನನ್ನ ಆಸ್ತಿಗೆ ಪರಿಹಾರ ಕೊಡಿ, 5ನೇ ತಿದ್ದುಪಡಿ ಇದೆಯಲ್ಲ ಅಂತ ಕೇಳಿದ. ಬಿಲ್ ಆಫ್ ರೈಟ್ಸ್ ಇರೋದು ಕೇಂದ್ರ ಸರ್ಕಾರದ ವಿರುದ್ಧ, ರಾಜ್ಯದ ವಿರುದ್ಧ ಅಲ್ಲ ಅಂದುಬಿಟ್ಟರು ಮುಖ್ಯ ನ್ಯಾಯಮೂರ್ತಿ ಜಾನ್ ಮಾರ್ಷಲ್.

ದಕ್ಕೆ ಕಳಕೊಂಡವನು ಬಿಳಿಯ, ಅವನ ಕಥೆ ಇರಲಿ ಬಿಡಿ. ಆಗ ದಕ್ಷಿಣದ ರಾಜ್ಯಗಳಲ್ಲಿ ಗುಲಾಮರಿಗೆ ಅಕ್ಷರ ಕಲಿಸೋದು ಅಪರಾಧ. ಬಾಸ್ಟನ್ನಿನ ಡೇವಿಡ್ ವಾಕರ್ ಅನ್ನೋ ಸ್ವತಂತ್ರ ಕಪ್ಪು ಮನುಷ್ಯ 1829ರಲ್ಲಿ ಗುಲಾಮಗಿರಿ ವಿರುದ್ಧ ಒಂದು ಪುಸ್ತಿಕೆ ಬರೆದಾಗ, ಜಾರ್ಜಿಯಾ, ನಾರ್ತ್ ಕೆರೊಲಿನಾ ರಾಜ್ಯಗಳು ಅಂಥ ಬರಹ ಹಂಚೋದನ್ನೇ ತಡೆಯೋ ಕಾನೂನು ಮಾಡಿದವು. ಮಾತಿನ ಸ್ವಾತಂತ್ರ್ಯ ಎಲ್ಲಿ ಹೋಯ್ತು? ಅದು ಕೇಂದ್ರದ ವಿರುದ್ಧ ಮಾತ್ರ ಇತ್ತಲ್ಲ!

ಸುಪ್ರೀಂ ಕೋರ್ಟು ಕೇಂದ್ರದ ಒಂದು ದೊಡ್ಡ ಕಾನೂನನ್ನು ವ್ಯಕ್ತಿಯ ಹಕ್ಕಿನ ಹೆಸರಲ್ಲಿ ಹೊಡೆದುಹಾಕಿದ್ದು 1857ರಲ್ಲಿ. ಯಾರ ಹಕ್ಕು ಗೊತ್ತಾ? ಗುಲಾಮರ ಒಡೆಯರದ್ದು. ಸೇಂಟ್ ಲೂಯಿಸ್ ನಗರದ ಡ್ರೆಡ್ ಸ್ಕಾಟ್ ಮತ್ತು ಅವನ ಹೆಂಡತಿ ಹ್ಯಾರಿಯೆಟ್ 1846ರಲ್ಲಿ ಬಿಡುಗಡೆ ಕೇಳಿ ಕೋರ್ಟಿಗೆ ಹೋಗಿದ್ದರು. ಗುಲಾಮಗಿರಿ ಇಲ್ಲದ ನೆಲದಲ್ಲಿ ನಮ್ಮನ್ನು ಇಟ್ಟಿದ್ದರು, ಹಾಗಾಗಿ ನಾವು ಸ್ವತಂತ್ರರು ಅನ್ನೋದು ಅವರ ವಾದ. 11 ವರ್ಷ ಅಲೆದಾಡಿದ ಮೇಲೆ ಬಂದ ತೀರ್ಪಿನಲ್ಲಿ ಮುಖ್ಯ ನ್ಯಾಯಮೂರ್ತಿ ರೋಜರ್ ಟಾನಿ, ಕಪ್ಪುಜನ ಈ ದೇಶದ ಪ್ರಜೆಗಳಾಗಲು ಸಾಧ್ಯವೇ ಇಲ್ಲ ಎಂದರು. ಕೆಲವು ಪ್ರದೇಶಗಳಲ್ಲಿ ಗುಲಾಮಗಿರಿ ನಿಷೇಧಿಸಿದ ಕಾನೂನು ಒಡೆಯನ ಆಸ್ತಿ ಹಕ್ಕನ್ನು ಕಸಿಯುತ್ತೆ, ಅದು 5ನೇ ತಿದ್ದುಪಡಿಗೆ ವಿರುದ್ಧ ಅಂತಲೂ ಬರೆದರು. ಮನುಷ್ಯ ಆಸ್ತಿಯಾದ, ಆಸ್ತಿಗೆ ಹಕ್ಕು ಸಿಕ್ಕಿತು. ಸ್ಕಾಟ್‌ನನ್ನು ಅದೇ ವರ್ಷ ಹೊಸ ಒಡೆಯ ಬಿಡುಗಡೆ ಮಾಡಿದ. ಅವನು ಹೋಟೆಲೊಂದರಲ್ಲಿ ಹಮಾಲಿ ಕೆಲಸ ಮಾಡಿಕೊಂಡಿದ್ದು ಮರುವರ್ಷ ತೀರಿಕೊಂಡ.

ಆ ತೀರ್ಪನ್ನು ಅಳಿಸಿದ್ದು ಇನ್ನೊಂದು ತೀರ್ಪಲ್ಲ, ಯುದ್ಧ. 1865ರ 13ನೇ ತಿದ್ದುಪಡಿ ಗುಲಾಮಗಿರಿ ಕೊನೆ ಮಾಡಿತು. 1868ರ 14ನೇ ತಿದ್ದುಪಡಿ ಅಲ್ಲಿ ಹುಟ್ಟಿದವರೆಲ್ಲ ಪ್ರಜೆಗಳು ಅಂದಿತು. ಯಾವ ರಾಜ್ಯವೂ ನ್ಯಾಯಬದ್ಧ ಪ್ರಕ್ರಿಯೆ ಇಲ್ಲದೆ ಯಾವುದೇ ವ್ಯಕ್ತಿಯ ಜೀವ, ಸ್ವಾತಂತ್ರ್ಯ, ಆಸ್ತಿ ಕಸಿಯಬಾರದು, ಕಾನೂನಿನ ಸಮಾನ ರಕ್ಷಣೆ ನಿರಾಕರಿಸಬಾರದು ಅಂದಿತು. 1870ರ 15ನೆಯದು ವರ್ಣದ ಕಾರಣಕ್ಕೆ ಮತದಾನ ತಡೆಯಬಾರದು ಅಂದಿತು. ಇವತ್ತು ಅಮೆರಿಕದವರು 'ನನ್ನ ಹಕ್ಕು' ಅಂತ ಕೋರ್ಟಿಗೆ ಹೋಗೋ ಬಾಗಿಲು ಹೆಚ್ಚುಕಮ್ಮಿ ಈ 14ನೆಯದೇ. ಬಾಗಿಲನ್ನು ಕೊರೆದದ್ದು ಯಾರಿಗಾಗಿ ಅನ್ನೋದನ್ನು ನೆನಪಿಟ್ಟುಕೊಳ್ಳಿ.

ಬಾಗಿಲು ಕೊರೆದು 5 ವರ್ಷ ಆಗಿತ್ತು. 1873ರ ಈಸ್ಟರ್ ಭಾನುವಾರ ಲೂಯಿಸಿಯಾನಾ ರಾಜ್ಯದ ಕೋಲ್‌ಫ್ಯಾಕ್ಸ್ ಊರಿನ ಕೋರ್ಟು ಕಟ್ಟಡವನ್ನು ಬಿಳಿಯರ ಗುಂಪು ಮುತ್ತಿತು. ಒಳಗೆ ಚುನಾವಣೆ ಫಲಿತಾಂಶ ಕಾಯುತ್ತಿದ್ದ ಕಪ್ಪುಜನ. ಕಟ್ಟಡಕ್ಕೆ ಬೆಂಕಿ ಹಚ್ಚಿದರು, ಶರಣಾದವರನ್ನೂ ಗುಂಡಿಟ್ಟು ಕೊಂದರು. ಸತ್ತವರ ಲೆಕ್ಕ 60ರಿಂದ 150ರವರೆಗೆ ಹೇಳ್ತಾರೆ. 97 ಜನರ ಮೇಲೆ ಆರೋಪ, ವಿಚಾರಣೆಗೆ ಬಂದವರು 9, ಶಿಕ್ಷೆ ಆಗಿದ್ದು 3 ಜನಕ್ಕೆ. 1876ರಲ್ಲಿ ಸುಪ್ರೀಂ ಕೋರ್ಟು ಅದನ್ನೂ ರದ್ದು ಮಾಡಿತು. ಕಾರಣ: 14ನೇ ತಿದ್ದುಪಡಿ ಕಟ್ಟಿಹಾಕೋದು ರಾಜ್ಯವನ್ನು, ಖಾಸಗಿ ಜನರನ್ನಲ್ಲ. ಕೊಂದವರು ಖಾಸಗಿ ಜನ.

ನಮಗೆ ಕಂಬಾಲಪಲ್ಲಿ ನೆನಪಾಗದೆ ಇರುತ್ತಾ? 2000ದ ಮಾರ್ಚ್ 11ರಂದು 7 ಜನ ದಲಿತರನ್ನು ಸುಟ್ಟರು, 2006ರಲ್ಲಿ ಆರೋಪಿಗಳೆಲ್ಲ ಖುಲಾಸೆ. ಆದರೆ ವ್ಯತ್ಯಾಸವನ್ನೂ ಹೇಳಬೇಕು. ಕಂಬಾಲಪಲ್ಲಿಯಲ್ಲಿ ಕಾನೂನು ಇತ್ತು, ಸಾಕ್ಷಿಗಳು ತಿರುಗಿಬಿದ್ದರು. ಕೋಲ್‌ಫ್ಯಾಕ್ಸ್‌ನಲ್ಲಿ ಬದುಕುಳಿದವರು ಬಂದು ಸಾಕ್ಷಿ ಹೇಳಿದರು, ಕಾನೂನಿನ ಹಲ್ಲನ್ನೇ ಕೋರ್ಟು ಕಿತ್ತಿತು. ಎರಡು ಬೇರೆ ಬೇರೆ ರೋಗಗಳು, ಒಂದೇ ಮದ್ದು ಆಗೋದಿಲ್ಲ.

ಈಗ 1883ಕ್ಕೆ ಬನ್ನಿ. ಈ ಪೋಸ್ಟು ಬರೆಯೋಕೆ ಕೂತಿದ್ದೇ ಆ ವರ್ಷಕ್ಕಾಗಿ. 1875ರಲ್ಲಿ ಕಾಂಗ್ರೆಸ್ ಒಂದು ನಾಗರಿಕ ಹಕ್ಕುಗಳ ಕಾನೂನು ಮಾಡಿತ್ತು. ತಂಗುಮನೆ, ರೈಲು, ನಾಟಕಶಾಲೆಗಳಲ್ಲಿ ವರ್ಣ ನೋಡಿ ಯಾರನ್ನೂ ತಡೆಯಬಾರದು, ತಡೆದವನಿಗೆ ದಂಡ. ಅಂದರೆ ಮೊಟ್ಟಮೊದಲ ಸಲ ಹೋಟೆಲಿನವನ ಕೈಯನ್ನೇ ಹಿಡಿದ ಕಾನೂನು. ಬೇರೆ ಬೇರೆ ರಾಜ್ಯಗಳಿಂದ 5 ಕೇಸುಗಳು ಒಟ್ಟಿಗೆ ಬಂದವು. ಒಂದು ಕಡೆ ಊಟ ಕೊಡಲಿಲ್ಲ. ಇನ್ನೊಂದು ಕಡೆ ಕೋಣೆ ಕೊಡಲಿಲ್ಲ. ನ್ಯೂಯಾರ್ಕಿನಲ್ಲೂ ಸ್ಯಾನ್‌ಫ್ರಾನ್ಸಿಸ್ಕೊದಲ್ಲೂ ನಾಟಕಶಾಲೆಯಲ್ಲಿ ಸೀಟು ಕೊಡಲಿಲ್ಲ. ಟೆನೆಸಿಯಲ್ಲಿ ಒಬ್ಬ ಕಪ್ಪು ಹೆಣ್ಣುಮಗಳನ್ನು ರೈಲಿನ ಹೆಂಗಸರ ಬೋಗಿಗೆ ಹತ್ತಿಸಲಿಲ್ಲ. ಎಲ್ಲ ದಕ್ಷಿಣದ್ದೇ ಅಲ್ಲ ನೋಡಿ.

8 ನ್ಯಾಯಮೂರ್ತಿಗಳು ಒಂದು ಕಡೆ, ಒಬ್ಬರು ಇನ್ನೊಂದು ಕಡೆ. ಬಹುಮತದ ತೀರ್ಪು ಬರೆದ ಜೋಸೆಫ್ ಬ್ರಾಡ್ಲಿ ಕಾನೂನನ್ನು ಹೊಡೆದುಹಾಕಿದರು. 14ನೇ ತಿದ್ದುಪಡಿ ರಾಜ್ಯದ ಕೆಲಸಕ್ಕೆ ಮಾತ್ರ ಅನ್ವಯ, ಖಾಸಗಿ ಮನುಷ್ಯ ಮಾಡೋ ಭೇದಕ್ಕಲ್ಲ. ಗುಲಾಮಗಿರಿಯ ಕುರುಹು ಅಂತ 13ನೇ ತಿದ್ದುಪಡಿಯಡಿ ತರೋಣ ಅಂದರೆ, ಸೀಟು ಕೊಡದೆ ಇರೋದು ಗುಲಾಮಗಿರಿ ಹೇಗಾಗುತ್ತೆ ಅಂದರು. ಆಮೇಲೆ ಇನ್ನೊಂದು ಮಾತು ಸೇರಿಸಿದರು: ಗುಲಾಮಗಿರಿಯಿಂದ ಹೊರಬಂದವನು ಯಾವಾಗಲಾದರೂ ಒಂದು ದಿನ ಕಾನೂನಿನ ವಿಶೇಷ ಮುದ್ದಿನ ಮಗುವಾಗಿರೋದನ್ನು ಬಿಟ್ಟು ಸಾಮಾನ್ಯ ಪ್ರಜೆ ಆಗಬೇಕು ಅನ್ನೋ ಅರ್ಥದ್ದು. ಗುಲಾಮಗಿರಿ ಹೋಗಿ 18 ವರ್ಷ ಆಗಿತ್ತು ಅಷ್ಟೇ. "ಇನ್ನೂ ಎಷ್ಟು ದಿನ ರಿಸರ್ವೇಷನ್" ಅಂತ ನಮಗೆ ಕೇಳೋರ ಮಾತು ಎಷ್ಟು ಹಳೆಯದು ನೋಡಿ.

ಭಿನ್ನಮತ ಬರೆದ ಜಾನ್ ಮಾರ್ಷಲ್ ಹಾರ್ಲನ್, ಕೆಂಟಕಿಯ ಗುಲಾಮರ ಒಡೆಯರ ಮನೆಯ ಮಗ. ರೈಲು, ತಂಗುಮನೆ, ನಾಟಕಶಾಲೆ ಇವೆಲ್ಲ ಸಾರ್ವಜನಿಕರಿಗಾಗಿ, ಸರ್ಕಾರದ ಅಪ್ಪಣೆ ಪಡೆದು ನಡೆಯೋವು. ಅವನ್ನು ಖಾಸಗಿ ಮನೆಯ ಹಾಗೆ ನೋಡೋಕಾಗಲ್ಲ. ಅಲ್ಲಿ ತಡೆಯೋದೇ ಗುಲಾಮಗಿರಿಯ ಗುರುತು ಅಂದರು. 1896ರಲ್ಲಿ ಹೋಮರ್ ಪ್ಲೆಸಿ ಅನ್ನೋ ಚಮ್ಮಾರ, ಹೌದು, ಚಪ್ಪಲಿ ಬೂಟು ಮಾಡೋ ಕಸುಬಿನವನೇ, ಬೇಕಂತಲೇ ಬಿಳಿಯರ ಬೋಗಿಯಲ್ಲಿ ಕೂತ ಕೇಸು ಬಂದಾಗ 'ಬೇರೆ ಇಡಿ, ಆದರೆ ಸಮಾನವಾಗಿ ಇಡಿ' ಅಂತ ಕೋರ್ಟು ಮುದ್ರೆ ಒತ್ತಿತು. ಅಲ್ಲೂ ಒಂಟಿಯಾಗಿ ನಿಂತವರು ಹಾರ್ಲನ್. ಅವರನ್ನು ದೇವರು ಮಾಡೋದು ಬೇಡ, ಅದೇ ಬರಹದಲ್ಲಿ ಚೀನೀಯರ ಬಗ್ಗೆ ಹಗುರವಾಗಿ ಬರೆದಿದ್ದಾರೆ.

ಹಾಗಾದರೆ ಅಷ್ಟು ವರ್ಷ 14ನೇ ತಿದ್ದುಪಡಿ ಸುಮ್ಮನೆ ಬಿದ್ದಿತ್ತಾ? ಇಲ್ಲ, ಭರ್ಜರಿಯಾಗಿ ದುಡೀತಿತ್ತು, ಕಂಪನಿಗಳ ಮನೆಯಲ್ಲಿ. 'ವ್ಯಕ್ತಿ' ಅನ್ನೋ ಪದದಲ್ಲಿ ರೈಲ್ವೆ ಕಂಪನಿಗಳೂ ನುಸುಳಿದವು. 1905ರಲ್ಲಿ ಲಾಕ್ನರ್ ಅನ್ನೋ ಬೇಕರಿ ಮಾಲೀಕನ ಕೇಸು. ಬೇಕರಿ ಕೆಲಸಗಾರರನ್ನು ದಿನಕ್ಕೆ 10 ಗಂಟೆ, ವಾರಕ್ಕೆ 60 ಗಂಟೆಗಿಂತ ಹೆಚ್ಚು ದುಡಿಸಬಾರದು ಅನ್ನೋ ನ್ಯೂಯಾರ್ಕ್ ಕಾನೂನು ವ್ಯಕ್ತಿಯ ಒಪ್ಪಂದ ಸ್ವಾತಂತ್ರ್ಯಕ್ಕೆ ಅಡ್ಡಿ ಅಂತ ಕೋರ್ಟು ಅದನ್ನು ರದ್ದು ಮಾಡಿತು. 14ನೇ ತಿದ್ದುಪಡಿಯ ಮೊದಲ 50 ವರ್ಷಗಳಲ್ಲಿ ಕೋರ್ಟು ಅದನ್ನು ಅನ್ವಯಿಸಿದ ಕೇಸುಗಳ ಪೈಕಿ ಕಪ್ಪುಜನರ ರಕ್ಷಣೆ ಕೇಳಿದ್ದು ನೂರಕ್ಕೆ ಅರ್ಧವೂ ಇಲ್ಲ, ಅರ್ಧಕ್ಕಿಂತ ಹೆಚ್ಚು ಕೇಸುಗಳು ಕಂಪನಿಗಳ ಲಾಭಕ್ಕೆ. ಹೀಗಂತ 1938ರಲ್ಲಿ ಬರೆದವರು ಅದೇ ಕೋರ್ಟಿನ ನ್ಯಾಯಮೂರ್ತಿ ಹ್ಯೂಗೊ ಬ್ಲ್ಯಾಕ್.

ನಮ್ಮವರ ಒಂದು ಅಧ್ಯಾಯವೂ ಇಲ್ಲಿದೆ. 'ನಮ್ಮವರ' ಅಂದೆ, ಯಾರ ಅನ್ನೋದು ನೀವೇ ಹೇಳಿ. ಆಗ ಅಮೆರಿಕದ ಪೌರತ್ವ ಬೇಕಂದರೆ ಬಿಳಿಯನಾಗಿರಬೇಕು ಇಲ್ಲವೇ ಆಫ್ರಿಕಾ ಮೂಲದವನಾಗಿರಬೇಕು. ಅಮೆರಿಕದ ಸೈನ್ಯದಲ್ಲಿ ದುಡಿದಿದ್ದ ಪಂಜಾಬಿನ ಭಗತ್ ಸಿಂಗ್ ಥಿಂಡ್ 1923ರಲ್ಲಿ ಸುಪ್ರೀಂ ಕೋರ್ಟಿನ ಮುಂದೆ ನಿಂತಾಗ, ಈ ವರ್ಣಭೇದದ ಕಾನೂನೇ ತಪ್ಪು ಅನ್ನಲಿಲ್ಲ. ನಾನು ಮೇಲ್ಜಾತಿಯವನು, ಆರ್ಯ, ಹಾಗಾಗಿ ಬಿಳಿಯ ಅನ್ನೋದು ಅವರ ಕಡೆಯ ವಾದ. ಭಾರತದ ಮೇಲ್ಜಾತಿಯವರು ಮೂಲನಿವಾಸಿಗಳನ್ನು ನೋಡೋದು ನೀವು ಕಪ್ಪುಜನರನ್ನು ನೋಡೋ ಹಾಗೆಯೇ ಅಂತ ಅರ್ಜಿಯಲ್ಲಿ ಹೆಮ್ಮೆಯಿಂದ ಹೇಳಿಕೊಂಡಿದ್ದರು. ಕೋರ್ಟು ಒಪ್ಪಲಿಲ್ಲ. ಜಾತಿ ಸರ್ಟಿಫಿಕೇಟು ಅಟ್ಲಾಂಟಿಕ್ ದಾಟಿ ಕೆಲಸಕ್ಕೆ ಬರಲಿಲ್ಲ.

ಅದೇ 1923ರಿಂದಲೇ ಗಾಳಿ ನಿಧಾನಕ್ಕೆ ತಿರುಗಿದ್ದು. ತಿರುಗಿಸಿದವರು ಪ್ರೊಫೆಸರುಗಳಲ್ಲ, ಗಲ್ಲಿಗೆ ಹೋಗಬೇಕಿದ್ದ ಕಪ್ಪು ಕೂಲಿಗಳು. ಅರ್ಕನ್ಸಾದ ಎಲೇನ್‌ನಲ್ಲಿ ಕೋರು ಮಾಡ್ತಿದ್ದ ರೈತರು ಸಂಘ ಕಟ್ಟಿದ್ದಕ್ಕೆ 1919ರಲ್ಲಿ ಹತ್ಯಾಕಾಂಡ ನಡೆಯಿತು. ಮರಣದಂಡನೆ ಆಗಿದ್ದು ಮಾತ್ರ 12 ಜನ ಕಪ್ಪು ರೈತರಿಗೆ. ಹೊರಗೆ ಗುಂಪು ಕೂಗುತ್ತಾ ನಿಂತಿರುವಾಗ ಮುಕ್ಕಾಲು ಗಂಟೆಯಲ್ಲಿ ಮುಗಿದ ವಿಚಾರಣೆ ವಿಚಾರಣೆಯೇ ಅಲ್ಲ ಅಂತ ಕೋರ್ಟು ಮೊದಲ ಸಲ ಒಪ್ಪಿತು. 1932ರಲ್ಲಿ ಅಲಬಾಮಾದ ಸ್ಕಾಟ್ಸ್‌ಬರೊ ಹುಡುಗರ ಕೇಸಿನಿಂದ, ಸಾವಿನ ಶಿಕ್ಷೆಯ ಆರೋಪ ಹೊತ್ತವನಿಗೆ ವಕೀಲರು ಬೇಕೇ ಬೇಕು ಅಂತಾಯ್ತು.

1936ರ ಮಿಸಿಸಿಪ್ಪಿ ಕೇಸನ್ನು ಸ್ವಲ್ಪ ನಿಂತು ನೋಡಬೇಕು. ಬಿಳಿಯ ಜಮೀನ್ದಾರನೊಬ್ಬ ಕೊಲೆಯಾದ. ಎಡ್ ಬ್ರೌನ್, ಆರ್ಥರ್ ಎಲಿಂಗ್ಟನ್, ಹೆನ್ರಿ ಶೀಲ್ಡ್ಸ್ ಅನ್ನೋ ಮೂರು ಜನ ಕಪ್ಪು ಗೇಣಿದಾರರನ್ನು ಹಿಡಿದರು. ಎಲಿಂಗ್ಟನ್‌ನನ್ನು ಮರಕ್ಕೆ ನೇತುಹಾಕಿ ಇಳಿಸಿದರು, ಮತ್ತೆ ನೇತುಹಾಕಿದರು. ಉಳಿದವರ ಬೆನ್ನು ಸುಲಿಯೋ ಹಾಗೆ ಬಕಲ್ ಇದ್ದ ಬೆಲ್ಟಿನಿಂದ ಹೊಡೆದು ತಪ್ಪೊಪ್ಪಿಗೆ ಬರೆಸಿಕೊಂಡರು. ವಿಚಾರಣೆ ದಿನ ಕತ್ತಿನ ಮೇಲೆ ಹಗ್ಗದ ಗುರುತು ಕಾಣ್ತಿತ್ತು. ಹೊಡೆದಿರಾ ಅಂತ ಕೇಳಿದ್ದಕ್ಕೆ ಪೊಲೀಸು ಅಧಿಕಾರಿ ಕೋರ್ಟಿನಲ್ಲೇ ಹೌದು ಅಂದ, ಕರಿಯನಿಗೆ ಅದೇನೂ ಜಾಸ್ತಿ ಆಗಲಿಲ್ಲ ಅನ್ನೋ ಧಾಟಿಯಲ್ಲಿ. ಆದರೂ ಮರಣದಂಡನೆ, ರಾಜ್ಯದ ಮೇಲಿನ ಕೋರ್ಟೂ ಅದನ್ನು ಎತ್ತಿಹಿಡಿಯಿತು! ಸುಪ್ರೀಂ ಕೋರ್ಟು ಸರ್ವಾನುಮತದಿಂದ ರದ್ದು ಮಾಡಿತು. ಹೊಡೆದು ಬರೆಸಿಕೊಂಡ ತಪ್ಪೊಪ್ಪಿಗೆ ನಡೆಯಲ್ಲ ಅನ್ನೋದು ರಾಜ್ಯಗಳ ಮೇಲೂ ಸಂವಿಧಾನದ ಕಟ್ಟಳೆ ಆಗಿದ್ದು ಹೀಗೆ. ಆ ಮೂವರೂ ಬಿಡುಗಡೆಯಾಗಿ ಮನೆಗೆ ಹೋದರು ಅಂದುಕೊಳ್ಳಬೇಡಿ. ಮತ್ತೆ ಅದೇ ಊರಿನ ಜ್ಯೂರಿ ಮುಂದೆ ನಿಲ್ಲೋ ಭಯಕ್ಕೆ ಸಣ್ಣ ಆರೋಪಕ್ಕೆ ತಲೆಬಾಗಿ ಜೈಲು ಅನುಭವಿಸಿದರು.

ಆಮೇಲಿನದು ಒಂದರ ಹಿಂದೆ ಒಂದು. ವಾರಂಟ್ ಅಂತ ಏನೋ ಒಂದು ಕಾಗದ ತೋರಿಸಿ ಮನೆಗೆ ನುಗ್ಗಿದ ಪೊಲೀಸರ ಕೈಯಿಂದ ಆ ಕಾಗದ ಕಿತ್ತುಕೊಂಡು ರವಿಕೆಯೊಳಗೆ ಸೇರಿಸಿದ ಡಾಲ್‌ರಿ ಮ್ಯಾಪ್ ಅನ್ನೋ ಕ್ಲೀವ್‌ಲ್ಯಾಂಡಿನ ಕಪ್ಪು ಹೆಣ್ಣುಮಗಳಿಂದಾಗಿ, 1961ರಲ್ಲಿ, ಅಕ್ರಮ ಶೋಧನೆಯಲ್ಲಿ ಸಿಕ್ಕಿದ್ದನ್ನು ರಾಜ್ಯದ ಕೋರ್ಟುಗಳೂ ಸಾಕ್ಷ್ಯ ಮಾಡಬಾರದು ಅಂತಾಯ್ತು. ಪತ್ರಿಕಾ ಸ್ವಾತಂತ್ರ್ಯದ ದೊಡ್ಡ ತೀರ್ಪು ಅಂತ ಎಲ್ಲ ಪತ್ರಕರ್ತರೂ ಹೇಳೋ 1964ರ ಸಲ್ಲಿವನ್ ಕೇಸು ಹುಟ್ಟಿದ್ದು ಮಾರ್ಟಿನ್ ಲೂಥರ್ ಕಿಂಗ್ ಪರವಾಗಿ ಚಂದಾ ಎತ್ತೋಕೆ ಹಾಕಿದ ಒಂದು ಜಾಹೀರಾತಿನಿಂದ. ಅದರಲ್ಲಿ ನ್ಯೂಯಾರ್ಕ್ ಟೈಮ್ಸ್ ಜೊತೆ 4 ಜನ ಕಪ್ಪು ಪಾದ್ರಿಗಳ ಮೇಲೂ ಮಾನನಷ್ಟ ಕೇಸು ಹಾಕಿದ್ದರು, ಅವರ ಕಾರುಗಳನ್ನು ಜಪ್ತಿ ಮಾಡಿದರು. ಪತ್ರಿಕೆಯ ಹೆಸರು ಎಲ್ಲರಿಗೂ ಗೊತ್ತು, ಪಾದ್ರಿಗಳ ಹೆಸರು ಎಷ್ಟು ಜನಕ್ಕೆ ಗೊತ್ತು? ಬಿಳಿಯರಿಗೂ ಇದರ ಫಲ ಸಿಕ್ಕಿತು, ಸಿಗಲಿ. ಜೈಲಿನಿಂದ ಪೆನ್ಸಿಲಿನಲ್ಲಿ ಅರ್ಜಿ ಬರೆದ ಬಡ ಬಿಳಿಯ ಗಿಡಿಯನ್‌ಗೆ 1963ರಲ್ಲಿ ಸರ್ಕಾರಿ ಖರ್ಚಿನ ವಕೀಲರ ಹಕ್ಕು ಸಿಕ್ಕಿದ್ದು ಸ್ಕಾಟ್ಸ್‌ಬರೊ ಹುಡುಗರು ತುಳಿದ ದಾರಿಯಲ್ಲೇ.

ಇವೆಲ್ಲ ಪೊಲೀಸು, ಜೈಲು, ರಾಜ್ಯದ ವಿರುದ್ಧದ ಹಕ್ಕುಗಳು. ಹೋಟೆಲಿನವನು? ಅವನು 1883ರಲ್ಲಿ ಕೂತ ಜಾಗದಲ್ಲೇ ಆರಾಮಾಗಿ ಕೂತಿದ್ದ. 1964ರಲ್ಲಿ, ಅಂದರೆ 81 ವರ್ಷ ಕಳೆದು, ಬೀದಿಯಲ್ಲಿ ರಕ್ತ ಹರಿದ ಮೇಲೆ ಹೊಸ ನಾಗರಿಕ ಹಕ್ಕುಗಳ ಕಾನೂನು ಬಂತು. ಬರ್ಮಿಂಗ್‌ಹ್ಯಾಮ್ ನಗರದ ಒಲೀಸ್ ಬಾರ್ಬೆಕ್ಯೂ ಅನ್ನೋ ಹೋಟೆಲಿನವರು ಅದನ್ನು ಪ್ರಶ್ನಿಸಿದರು. ಅಲ್ಲಿ ಕಪ್ಪುಜನರಿಗೆ ಪಾರ್ಸೆಲ್ ಮಾತ್ರ, ಒಳಗೆ ಕೂತು ತಿನ್ನೋ ಹಾಗಿಲ್ಲ. ಅಡುಗೆ ಮಾಡೋರು, ಬಡಿಸೋರಲ್ಲಿ ಕಪ್ಪುಜನ ಇದ್ದರು, ಅದು ನಡೆಯುತ್ತೆ. ಸುಪ್ರೀಂ ಕೋರ್ಟು ಕಾನೂನನ್ನು ಎತ್ತಿಹಿಡಿಯಿತು. ಯಾವ ಕಾರಣ ಕೊಟ್ಟು? ಮನುಷ್ಯನ ಘನತೆ? ಸಮಾನತೆ? ಅಲ್ಲ ಸ್ವಾಮಿ. ಹೋಟೆಲು ಖರೀದಿ ಮಾಡಿದ್ದರಲ್ಲಿ ಸುಮಾರು 46% ಮಾಂಸ, ಅದು ಬೇರೆ ರಾಜ್ಯದಿಂದ ಬಂದಿತ್ತು. ಅಂತರರಾಜ್ಯ ವ್ಯಾಪಾರವನ್ನು ನಿಯಂತ್ರಿಸೋ ಅಧಿಕಾರ ಕಾಂಗ್ರೆಸ್‌ಗೆ ಇದೆ, ಆದ್ದರಿಂದ ಕಾನೂನು ಊರ್ಜಿತ. ಮಾಂಸ ಗಡಿ ದಾಟಿದ್ದರಿಂದ ಮನುಷ್ಯ ಹೊಸಿಲು ದಾಟಿದ. 1883ರ ತೀರ್ಪನ್ನು ಮುಟ್ಟಲಿಲ್ಲ, ಅದು ಇವತ್ತಿಗೂ ರದ್ದಾಗಿಲ್ಲ.

ಆ ಬ್ರಾಡ್ಲಿ ಮಾತು ಕೂಡ ಸತ್ತಿಲ್ಲ. 1978ರ ಬಕ್ಕಿ ಕೇಸಿನಲ್ಲಿ ಮೆಡಿಕಲ್ ಕಾಲೇಜಿನ 16 ಸೀಟುಗಳ ಮೀಸಲನ್ನು, 2023ರಲ್ಲಿ ಹಾರ್ವರ್ಡ್ ಮತ್ತಿತರ ಕಡೆ ವರ್ಣವನ್ನು ಪರಿಗಣಿಸಿ ಪ್ರವೇಶ ಕೊಡೋ ಪದ್ಧತಿಯನ್ನೇ ಕೋರ್ಟು ತೆಗೆದುಹಾಕಿದ್ದು ಇದೇ ವಾದದ ದಾರಿಯಲ್ಲಿ: ಹಕ್ಕು ಇರೋದು ವ್ಯಕ್ತಿಗೆ, ಗುಂಪಿಗಲ್ಲ. ನಮ್ಮಲ್ಲೂ 1951ರಲ್ಲಿ ಚಂಪಕಂ ದೊರೈರಾಜನ್ ಕೇಸಿನಲ್ಲಿ ಮದರಾಸಿನ ಮೀಸಲಾತಿ ಆದೇಶ ಬಿದ್ದಿದ್ದು 'ವ್ಯಕ್ತಿ'ಯ ಹಕ್ಕಿನ ಮೇಲೇ. ಅದೇ ವರ್ಷ ಮೊದಲ ತಿದ್ದುಪಡಿ ತಂದು 15(4) ಸೇರಿಸಬೇಕಾಯ್ತು. ಗುಂಪು ನೋಡಿ ತುಳಿದವರು, ಎತ್ತೋ ಹೊತ್ತಿಗೆ ಮಾತ್ರ ವ್ಯಕ್ತಿ ನೋಡಿ ಅಂತಾರೆ.

ಬಾಬಾಸಾಹೇಬರು ಇದನ್ನೆಲ್ಲ ಎಷ್ಟು ಹತ್ತಿರದಿಂದ ಓದಿದ್ದರು ಅನ್ನೋದಕ್ಕೆ ಸಾಕ್ಷಿ 'ಸ್ಟೇಟ್ಸ್ ಅಂಡ್ ಮೈನಾರಿಟೀಸ್'. 1947ರಲ್ಲಿ ಪರಿಶಿಷ್ಟ ಜಾತಿಗಳ ಒಕ್ಕೂಟದ ಪರವಾಗಿ ಸಂವಿಧಾನ ಸಭೆಗೆಂದು ಬರೆದ ಮನವಿ ಅದು. ಹಿಂದಿನ ವರ್ಷವಷ್ಟೇ ಅವರು ಡಬ್ಲ್ಯೂ.ಇ.ಬಿ. ಡುಬಾಯ್ಸ್‌ಗೆ ಪತ್ರ ಬರೆದು, ಕಪ್ಪುಜನರು ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಕಳಿಸಿ ಅಂತ ಕೇಳಿದ್ದರು. ಆ ಪುಸ್ತಕದ ಟಿಪ್ಪಣಿಯಲ್ಲಿ, ಭೇದಭಾವದ ವಿರುದ್ಧದ ಕಲಮುಗಳನ್ನು ಎಲ್ಲಿಂದ ತಗೊಂಡೆ ಅಂತ ಅವರೇ ಬರೆದಿದ್ದಾರೆ: ಕಪ್ಪುಜನರ ರಕ್ಷಣೆಗೆ ಅಮೆರಿಕದ ಕಾಂಗ್ರೆಸ್ 1866ರಲ್ಲಿ ಮತ್ತು 1875ರ ಮಾರ್ಚ್ 1ರಂದು ಮಾಡಿದ ಕಾನೂನುಗಳಿಂದ. ಎರಡನೆಯದು ಯಾವುದು ಗೊತ್ತಾಯ್ತಲ್ಲ? 1883ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ಕೊಂದುಹಾಕಿದ ಅದೇ ಕಾನೂನು. ಅವರು ತಂದಿದ್ದು ಅಮೆರಿಕ ಬಿಸಾಕಿದ್ದನ್ನು. ಅದೇ ಪುಸ್ತಕದಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಸರ್ಕಾರ ಕೈಬಿಟ್ಟ ಜಾಗದಲ್ಲಿ ಸ್ವಾತಂತ್ರ್ಯ ತಾನಾಗಿ ಹುಟ್ಟಲ್ಲ, ಜಮೀನ್ದಾರ ಮತ್ತು ಖಾಸಗಿ ಮಾಲೀಕನ ದರ್ಬಾರು ಹುಟ್ಟುತ್ತೆ ಅಂತಾರೆ.

ಎಲ್ಲ ಎರವಲೂ ನಮಗೆ ಒಳ್ಳೇದೇ ಮಾಡಲಿಲ್ಲ, ಅದನ್ನೂ ಹೇಳಿಬಿಡ್ತೀನಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್, ನಮ್ಮ ಮಂಗಳೂರು ಕಡೆಯವರು, 1947ರಲ್ಲಿ ಅಮೆರಿಕಕ್ಕೆ ಹೋಗಿ ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್‌ರನ್ನು ಕಂಡರು. ನ್ಯಾಯಬದ್ಧ ಪ್ರಕ್ರಿಯೆಯ ಮಾತು ಹಾಕಿದರೆ ಜಡ್ಜುಗಳು ಶಾಸನಸಭೆಯ ತಲೆ ಮೇಲೆ ಕೂರ್ತಾರೆ ಅಂತ ಅವರು ಎಚ್ಚರಿಸಿದರು. ಅವರ ತಲೆಯಲ್ಲಿದ್ದಿದ್ದು ಲಾಕ್ನರ್ ಕಾಲ. ಕೊನೆಗೆ ನಮ್ಮ 21ನೇ ವಿಧಿಯಲ್ಲಿ ಕಾನೂನು ಹೇಳಿದ ಪ್ರಕ್ರಿಯೆ ಇದ್ದರೆ ಸಾಕು ಅಂತಾಯ್ತು. ಈ ವಿಷಯದಲ್ಲಿ ಅಂಬೇಡ್ಕರರಿಗೆ ಶಾಸನಸಭೆಯ ಮೇಲೂ ಪೂರ್ತಿ ನಂಬಿಕೆ ಇರಲಿಲ್ಲ, ಐದಾರು ಜನ ಜಡ್ಜುಗಳ ಮೇಲೂ ಇರಲಿಲ್ಲ. ಬೇಕರಿ ಮಾಲೀಕನ ಕೇಸಿನ ಭಯಕ್ಕೆ ಬಿಟ್ಟ ಆ ಎರಡು ಪದಗಳನ್ನು ನಮ್ಮ ಕೋರ್ಟು ವಾಪಸ್ ಓದಿಕೊಂಡಿದ್ದು 1978ರ ಮೇನಕಾ ಗಾಂಧಿ ಕೇಸಿನಲ್ಲಿ. ವಿಚಾರಣೆ ಇಲ್ಲದೆ ಒಳಗೆ ಹಾಕಿಸಿಕೊಂಡವರಿಗೆ ಆ ನಡುವಿನ ವರ್ಷಗಳ ಬೆಲೆ ಗೊತ್ತು.

ಆದರೆ 1883ರ ಕುಣಿಕೆಯನ್ನು ಮಾತ್ರ ಇಲ್ಲಿ ಬಿಚ್ಚಿಟ್ಟರು. ನಮ್ಮ ಸಂವಿಧಾನದ 15ನೇ ವಿಧಿಯ 2ನೇ ಖಂಡ ತೆಗೆದು ಓದಿ. ಅಂಗಡಿ, ಹೋಟೆಲು, ಮನರಂಜನೆಯ ಜಾಗ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಇಲ್ಲಿ ಕಟ್ಟಿಹಾಕಿರೋದು ಸರ್ಕಾರವನ್ನು ಮಾತ್ರ ಅಲ್ಲ. 17ನೇ ವಿಧಿಯಂತೂ ಅಸ್ಪೃಶ್ಯತೆ ಆಚರಿಸೋನು ಯಾರು ಅಂತ ಕೇಳೋದೇ ಇಲ್ಲ, ಯಾವ ರೂಪದಲ್ಲೇ ಆಗಲಿ ನಿಷೇಧ. 1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ 'ಅಂಗಡಿ' ಅಂದರೆ ಏನು ಅನ್ನೋ ಪ್ರಶ್ನೆ ಎದ್ದಿತು. ಬರೀ ಒಳಗೆ ಕಾಲಿಡೋಕೆ ಬಿಡೋದಷ್ಟೇ ಇದರ ಅರ್ಥ ಅಲ್ಲ, ಕೇಳಿ ಬಂದವರಿಗೆ ಸೇವೆ ಕೊಡೋ ಯಾವುದೇ ಜಾಗ ಅಂಗಡಿಯೇ, ಷರತ್ತು ಒಪ್ಪಿದವರಿಗೆ ಸೇವೆ ಕೊಡಲೇಬೇಕು ಅನ್ನೋ ಅರ್ಥದಲ್ಲಿ ಬಾಬಾಸಾಹೇಬರು ಉತ್ತರ ಕೊಟ್ಟರು. ಹಳ್ಳಿಯ ಕಟಿಂಗ್ ಶಾಪು ಇದರಲ್ಲಿ ಬರುತ್ತಾ ಅಂತ ಇನ್ನು ಯಾರೂ ಕೇಳಬೇಡಿ. "ಇದು ನನ್ನ ಸ್ವಂತ ಅಂಗಡಿ, ಯಾರಿಗೆ ಬೇಕಾದರೂ ಇಲ್ಲ ಅಂತೀನಿ" ಅಂದವನಿಗೂ, "ಖಾಸಗಿ ವಿಷಯ, ಊರಲ್ಲೇ ಮಾತಾಡಿ ಮುಗಿಸ್ಕೊಳ್ಳಿ" ಅನ್ನೋ ಸ್ಟೇಷನ್ನಿನವರಿಗೂ ತೋರಿಸಿ. ಅದು ಬ್ರಾಡ್ಲಿಯ ವಾದ, ಇಲ್ಲಿ ನಡೆಯಲ್ಲ.

ಹಾರ್ಲನ್ ಅವರ 1883ರ ಭಿನ್ನಮತವನ್ನು ಯಾರಾದರೂ ಕನ್ನಡಕ್ಕೆ ತಂದಿದ್ದರೆ ದಯವಿಟ್ಟು ಕಳಿಸಿ. ಇಲ್ಲದಿದ್ದರೆ ನಾವೇ ನಾಲ್ಕು ಜನ ಹಂಚಿಕೊಂಡು ಮಾಡೋಣ, ಕಾನೂನು ಓದ್ತಿರೋ ಹುಡುಗ ಹುಡುಗಿಯರು ಮುಂದೆ ಬನ್ನಿ.